ತೊಂಬತ್ತೊಂದನೆಯ ಕೀರ್ತನೆ

ದಾಸಸಾಹಿತ್ಯದ ಪಾಠ ನಡೆದಿತ್ತು. ಕೀರ್ತನೆ, ಸುಳಾದಿ, ಉಗಾಭೋಗಗಳ ಲಕ್ಷಣಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸರ್, ನಿಮ್ಮ ಬೈಬಲ್ಲಿನ್ಯಾಗೂ ಕೀರ್ತನೆಗಳು ಅಂತ ಅದಾವಂತಲ್ರಿ. ಅವನ್ನೂ ತಾಳಾ ಹಾಕಿ ಹಾಡ್ತಾರೇನ್ರಿ?” ಎಂದು ಕೇಳಿದ. ತರಗತಿ ನಕ್ಕಿತು, ನಾನೂ ನಕ್ಕೆ. ಹುಡುಗ ತಮಾಷೆಗೆ ಕೇಳಿರಲಿಲ್ಲ. ಅಧ್ಯಾಪಕನಾದವನಿಗೆ ಇಂಥ ಪ್ರಶ್ನೆ ಬಂದರೆ ಒಂದು ಅನುಕೂಲವುಂಟು: ತಿಳಿದಷ್ಟನ್ನು ಹೇಳಿ ಗಂಟೆ ಬಾರಿಸುವವರೆಗೆ ಕಾಲ ಕಳೆಯಬಹುದು. ಹಾಗೆಯೇ ಮಾಡಿದೆ. ಆದರೆ ಹೇಳದೆ ಉಳಿಸಿಕೊಂಡ ಮಾತು ಮನೆಯವರೆಗೂ ನನ್ನ ಹಿಂದೆ ಬಂದಿತು.

ಹೇಳಿದ್ದು ಇಷ್ಟು. ಹೀಬ್ರೂ ಭಾಷೆಯಲ್ಲಿ ಆ ಗ್ರಂಥಕ್ಕೆ ‘ತೆಹಿಲ್ಲೀಮ್’ ಎಂದು ಹೆಸರು, ಎಂದರೆ ಸ್ತುತಿಗಳು. ಒಟ್ಟು ೧೫೦ ಹಾಡುಗಳು. ಅವುಗಳಲ್ಲಿ ೭೩ಕ್ಕೆ ದಾವೀದನ ಹೆಸರಿನ ತಲೆಬರಹವಿದೆ. ೧೧೭ನೆಯದು ಎರಡೇ ವಚನಗಳ ಪುಟ್ಟ ಹಾಡು. ೧೧೯ನೆಯದಕ್ಕೆ ೧೭೬ ವಚನಗಳು; ಹೀಬ್ರೂ ಅಕ್ಷರಮಾಲೆಯ ೨೨ ಅಕ್ಷರಗಳಿಗೆ ಎಂಟೆಂಟರಂತೆ ಕಟ್ಟಿದ್ದು. ಈ ಹಾಡುಗಳನ್ನೊಳಗೊಂಡ ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು ೧೮೩೦ರ ದಶಕದ ಆರಂಭದ ಹೊತ್ತಿಗೆ, ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಎಂಬ ಮಿಶನರಿಯ ದುಡಿಮೆಯಿಂದ. ಕನ್ನಡದಲ್ಲಿ ಆ ಭಾಗಕ್ಕೆ ನೆಲೆನಿಂತ ಹೆಸರು ‘ಕೀರ್ತನೆಗಳು’. ಪುರಂದರದಾಸರ ತಂಬೂರಿಯ ಪಕ್ಕದಲ್ಲಿದ್ದ ಮಾತೇ ದಾವೀದನ ಕಿನ್ನರಿಯ ಪಕ್ಕಕ್ಕೂ ಬಂದು ಕುಳಿತಿತು. ತಾಳ ಹಾಕುತ್ತಾರೆಯೆ ಎಂಬುದಕ್ಕೂ ಉತ್ತರವುಂಟು. ಹಲವು ಹಾಡುಗಳ ತಲೆಬರಹದಲ್ಲಿ ವಾದ್ಯಗಳ, ರಾಗಗಳ ಸೂಚನೆಗಳಿವೆ. ನಡುನಡುವೆ ‘ಸೆಲಾ’ ಎಂಬ ಒಂದು ಪದ ೭೧ ಸಲ ಬರುತ್ತದೆ. ಅದರ ಅರ್ಥ ವಿದ್ವಾಂಸರಿಗೆ ಇನ್ನೂ ನಿಶ್ಚಯವಾಗಿಲ್ಲ. ಹಾಡು ಅಲ್ಲಿ ಒಂದು ಕ್ಷಣ ತಂಗಬೇಕೆಂಬ ಗುರುತಾಗಿರಬಹುದು ಎಂದು ಹಲವರ ಊಹೆ.

ಇನ್ನೊಂದು ವಿಷಯವನ್ನೂ ಹೇಳಿದೆ. ನಮ್ಮ ಹಳಗನ್ನಡ ಪದ್ಯಕ್ಕೆ ಆದಿಪ್ರಾಸ ಪ್ರಾಣ. ಬೇರೆ ಭಾಷೆಗೆ ತಿರುಗಿಸಿದೊಡನೆ ಆ ಪ್ರಾಣ ಹಾರಿಹೋಗುತ್ತದೆ. ಹೀಬ್ರೂ ಹಾಡಿನ ಪ್ರಾಸ ಶಬ್ದದ್ದಲ್ಲ, ಅರ್ಥದ್ದು. ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ; ಇಲ್ಲವೆ ತಿರುಗಿಸಿ ಹೇಳುತ್ತದೆ; ಇಲ್ಲವೆ ಒಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತದೆ. ಆಕ್ಸ್‌ಫರ್ಡಿನ ಪ್ರಾಧ್ಯಾಪಕ ರಾಬರ್ಟ್ ಲೌತ್ ೧೭೫೩ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಇದನ್ನು ವಿವರವಾಗಿ ತೋರಿಸಿದ. ಶಬ್ದಕ್ಕೆ ಕಟ್ಟುಬೀಳದ ಪ್ರಾಸವಾದ್ದರಿಂದಲೇ ಈ ಹಾಡುಗಳು ಹೋದ ಭಾಷೆಯಲ್ಲೆಲ್ಲ ಬದುಕಿದವು. ಇಷ್ಟಾಗುವಾಗ ಗಂಟೆ ಬಾರಿಸಿತು.

ಉಳಿಸಿಕೊಂಡ ಮಾತು ನಮ್ಮ ಮನೆಯದು.

ನನ್ನ ತಂದೆ ಧಾರವಾಡದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ರಾತ್ರಿ ಊಟವಾದ ಮೇಲೆ ಚಾಪೆ ಹಾಸಿ, ನಮ್ಮನ್ನೆಲ್ಲ ಕೂಡಿಸಿ, ದಿನಕ್ಕೊಂದರಂತೆ ಕೀರ್ತನೆಗಳನ್ನು ಓದುತ್ತಿದ್ದರು. ಒಂದರಿಂದ ಹೊರಟು ನೂರೈವತ್ತಕ್ಕೆ ಮುಟ್ಟಿ ಮತ್ತೆ ಒಂದಕ್ಕೆ ಬರುವುದು. ೧೧೯ನೆಯದನ್ನು ಮಾತ್ರ ಒಂದೊಂದು ಅಕ್ಷರಕ್ಕೆ ಒಂದೊಂದು ದಿನವೆಂದು ೨೨ ದಿನಗಳಿಗೆ ಹಂಚುತ್ತಿದ್ದರು. ಹೀಗಾಗಿ ಒಂದು ಸುತ್ತಿಗೆ ೧೭೧ ದಿನ. ಹೊಸ ಸುತ್ತು ಹಿಡಿದಾಗಲೆಲ್ಲ ಮೊದಲ ಕೀರ್ತನೆಯ ಅಂಚಿನಲ್ಲಿ ಪೆನ್ಸಿಲಿನಿಂದ ತಾರೀಖು ಬರೆಯುತ್ತಿದ್ದರು. ‘ಸೆಲಾ’ ಬಂದಲ್ಲಿ ಆ ಪದವನ್ನು ಓದದೆ, ಒಂದು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಿದ್ದರು. ನಾವು ಹುಡುಗರು ಅದನ್ನು ‘ಅಪ್ಪನ ಸುಮ್ಮನೆ’ ಎಂದು ಕರೆಯುತ್ತಿದ್ದೆವು.

ಅವ್ವ ಎರಡನೆಯ ಇಯತ್ತೆಯವರೆಗೆ ಮಾತ್ರ ಕಲಿತವಳು. ಅಕ್ಷರ ಕೂಡಿಸಿ ಒಂದು ಸಾಲು ಓದುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕುತ್ತಿತ್ತು. ಆದರೆ ಕೀರ್ತನೆಗಳಲ್ಲಿ ಎಷ್ಟೋ ಅವಳ ಬಾಯಲ್ಲಿದ್ದವು. ಒಂದು ಸಾಲು ತಪ್ಪಿಸಿಕೊಂಡರೂ ಅದೇ ಅರ್ಥದ ಇನ್ನೊಂದು ಸಾಲು ಹಿಂದೆಯೇ ಬಂದು ಅವಳ ಕೈಗೆ ಸಿಗುತ್ತಿತ್ತು. ಲೌತ್ ಹೇಳಿದ್ದು ನನಗೆ ಅರ್ಥವಾದದ್ದು ಅವ್ವನಿಂದ.

೧೯೮೯ರ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಜ್ವರ ಬಂತು. ಅವನಿಗೆ ಏಳು ವರ್ಷ, ನನಗೆ ಹನ್ನೊಂದು. ಮೆದುಳುಜ್ವರವೆಂದರು. ಐದು ದಿನ ದವಾಖಾನೆಯಲ್ಲಿ ಮಲಗಿದ. ಅಪ್ಪ ಸರತಿ ತಪ್ಪಿಸದೆ ಅವನ ಮಂಚದ ಪಕ್ಕದಲ್ಲಿ ಕುಳಿತು ಮೆಲ್ಲನೆ ಓದಿದರು: ೮೬, ೮೭, ೮೮, ೮೯, ೯೦. ತೊಂಬತ್ತನೆಯದು ಮನುಷ್ಯನ ಆಯುಷ್ಯಕ್ಕೆ ಎಪ್ಪತ್ತು ವರ್ಷವೆಂದು ಲೆಕ್ಕ ಹೇಳುವಂಥದು. ಅದನ್ನು ಓದಿದ ಮರುದಿನ ಬೆಳಗ್ಗೆ ತಮ್ಮ ತೀರಿಕೊಂಡ. ಸಂಜೆಗೆ ಮಣ್ಣು ಮಾಡಿ ಬಂದೆವು.

ಆ ರಾತ್ರಿ ಚಾಪೆ ಹಾಸಿದವರು ಯಾರೋ ನೆನಪಿಲ್ಲ. ರೂಢಿಯ ಕೈ ಪುಸ್ತಕವನ್ನು ತೆರೆಯಿತು. ಸರತಿ ತೊಂಬತ್ತೊಂದನೆಯದಕ್ಕೆ ಬಂದಿತ್ತು.

ಕ್ರೈಸ್ತರಲ್ಲದ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೊಂಬತ್ತೊಂದನೆಯ ಕೀರ್ತನೆ ನಮ್ಮವರಲ್ಲಿ ರಕ್ಷೆಯ ಹಾಡು. ಪ್ರಯಾಣಕ್ಕೆ ಹೊರಟವರಿಗೆ, ಕಾಯಿಲೆ ಬಿದ್ದವರಿಗೆ, ಸೈನ್ಯಕ್ಕೆ ಸೇರಿದ ಮಕ್ಕಳಿಗೆ ಅದನ್ನೇ ಓದಿ ಕಳಿಸುತ್ತಾರೆ. ದೇವರಲ್ಲಿ ಆಶ್ರಯ ಪಡೆದವನ ಬಿಡಾರದ ಹತ್ತಿರ ವ್ಯಾಧಿ ಸುಳಿಯುವುದಿಲ್ಲ, ಅವನ ಕಾಲು ಕಲ್ಲಿಗೆ ತಗಲದಂತೆ ದೂತರು ಎತ್ತಿ ಹಿಡಿಯುತ್ತಾರೆ ಎಂಬ ಅಭಯ ಅದರಲ್ಲಿದೆ. ಒಟ್ಟು ಹದಿನಾರು ವಚನಗಳು. ಅಪ್ಪ ಹತ್ತನೆಯದಕ್ಕೆ, ವ್ಯಾಧಿಯ ಮಾತಿಗೆ, ಬಂದರು. ಅಲ್ಲಿ ನಿಂತರು. ಅದು ಅಪ್ಪನ ಸುಮ್ಮನೆಯಲ್ಲ. ಆ ಕೀರ್ತನೆಯಲ್ಲಿ ಸೆಲಾ ಒಂದೂ ಇಲ್ಲ. ಪುಸ್ತಕವನ್ನು ಮುಚ್ಚಿ ಗೂಡಿನಲ್ಲಿಟ್ಟು ಹೊರಗೆ ಹೋದರು.

ಒಂಬತ್ತು ದಿನ ಅದು ಗೂಡಿನಲ್ಲೇ ಇತ್ತು. ಸಭಾಪಾಲಕರು ಬಂದರು, ಬಂಧುಗಳು ಬಂದರು. ಕುರುಬನ ಕೀರ್ತನೆಯನ್ನು ಹೇಳಿದರು, ಒಳ್ಳೆಯ ಮಾತುಗಳನ್ನು ಹೇಳಿದರು. ಅಪ್ಪ ಎಲ್ಲಕ್ಕೂ ತಲೆಯಾಡಿಸಿದರು. ಹತ್ತನೆಯ ರಾತ್ರಿ ಅವ್ವ ಪುಸ್ತಕವನ್ನು ತೆಗೆದು ತಂದು ಅವರ ಮುಂದಿಟ್ಟಳು.

“ಅದರಾಗ ದೇವರ ಕೂಡ ಜಗಳಾ ಆಡಿದ್ದೂ ಐತೆಲ್ಲರಿ,” ಎಂದಳು. “ಅವತ್ತ ದವಾಖಾನ್ಯಾಗ ಓದಿದ್ರಿ, ಕತ್ತಲ್ಯಾಗ ಮುಗೀತೈತಿ ನೋಡ್ರಿ, ಅದು. ಅದನ್ನ ಓದ್ರಿ.”

ಅದು ಎಂಬತ್ತೆಂಟನೆಯದು. ಕೀರ್ತನೆಗಳ ಗ್ರಂಥದ ಹೆಸರು ಸ್ತುತಿಗಳೆಂದಿದ್ದರೂ ಒಳಗೆ ಗೋಳಿನ ಹಾಡುಗಳದೇ ದೊಡ್ಡ ಪಾಲು. ಜರ್ಮನಿಯ ಹರ್ಮನ್ ಗುಂಕೆಲ್ ಈ ಹಾಡುಗಳನ್ನು ಜಾತಿವಾರು ವಿಂಗಡಿಸಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಒಂಟಿ ಮನುಷ್ಯನ ಅಳಲು. ಆದರೆ ಸಾಮಾನ್ಯವಾಗಿ ಅಂಥ ಹಾಡು ಅಳುತ್ತ ಹೊರಟು ಕೊನೆಯ ಹೊತ್ತಿಗೆ ಹೇಗೋ ಒಂದು ಬೆಳಕಿನತ್ತ ತಿರುಗುತ್ತದೆ. ಎಂಬತ್ತೆಂಟನೆಯದು ತಿರುಗುವುದಿಲ್ಲ. ಹೇಮಾನನೆಂಬವನ ಹೆಸರಿನಲ್ಲಿರುವ ಆ ಹಾಡಿನಲ್ಲಿ ಹಗಲೂ ರಾತ್ರಿಯೂ ಕೂಗಿದ್ದೇನೆ, ನೀನೇಕೆ ಮುಖ ಮರೆಸಿಕೊಂಡಿದ್ದೀಯೆ ಎಂಬ ಆಕ್ಷೇಪಣೆಯುಂಟು, ಉತ್ತರವಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕಡೆಯ ಪದವೇ ಕತ್ತಲೆ.

ಅಪ್ಪ ಓದಿದರು. ಅದರಲ್ಲಿ ಸೆಲಾ ಎರಡು ಕಡೆ ಬರುತ್ತದೆ. ಎರಡೂ ಕಡೆ ನಿಂತರು. ಮುಗಿದ ಮೇಲೆ ಅವ್ವ, “ಇದು ನಮ್ಮದು,” ಎಂದಳು. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಅತ್ತೆವು. ಮರುದಿನದಿಂದ ಓದು ಮೊದಲಿನಂತೆ ಸಾಗಿತು, ೯೨ನೆಯದರಿಂದ.

ಐದು ತಿಂಗಳು ಕಳೆದು ಮತ್ತೊಂದು ಸುತ್ತು ಅಲ್ಲಿಗೆ ಬಂತು. ನಾನು ಎಣಿಸುವ ಸ್ವಭಾವದ ಹುಡುಗ. ಒಂದು ರಾತ್ರಿ ೯೦ ಆಯಿತು. ಮರುದಿನ ರಾತ್ರಿ ಅಪ್ಪ ೯೨ ಓದಿದರು. ನಾನು ಅವ್ವನ ಮುಖ ನೋಡಿದೆ. ಅವಳು ದೀಪವನ್ನು ನೋಡುತ್ತಿದ್ದಳು. ಯಾರೂ ಏನೂ ಅನ್ನಲಿಲ್ಲ. ಅದರ ಮುಂದಿನ ಸುತ್ತಿನಲ್ಲೂ ಹಾಗೆಯೇ ಆಯಿತು. ಆಮೇಲೆ ನಾನು ಎಣಿಸುವುದನ್ನು ಬಿಟ್ಟೆ.

ಕಾಲೇಜು ಸೇರಿದ ಮೇಲೆ ಚಾಪೆಯನ್ನೂ ಬಿಟ್ಟೆ. ಎಂ.ಎ. ಓದುವಾಗ ಪಂಪನೂ ಅಲ್ಲಮನೂ ಒಳ್ಳೆಯ ನೆಪವಾದರು. ಆದರೆ ಬಿಟ್ಟದ್ದು ಎದುರಾಗುತ್ತಲೇ ಇತ್ತು. ಶರಣರು ತಮ್ಮ ದೇವರನ್ನು ನಿಲ್ಲಿಸಿ ಕೇಳುವ ನಿಷ್ಠುರದ ಮಾತುಗಳನ್ನು ಓದುವಾಗ, ದಾಸರ ನಿಂದಾಸ್ತುತಿಗಳಲ್ಲಿ ಸಾಲ ವಸೂಲಿಗೆ ಬಂದವರಂತೆ ಹರಿಯನ್ನು ಬಾಗಿಲಿಗೆ ಕರೆಯುವ ಸಲಿಗೆಯನ್ನು ಕಾಣುವಾಗ, ನನಗೆ ಚಾಪೆಯ ಮೇಲೆ ಕುಳಿತ ಅವ್ವ ನೆನಪಾಗುತ್ತಿದ್ದಳು. ಜಗಳ ಆಡಿದ್ದನ್ನು ಓದಿ ಎಂದು ಕೇಳುವ ಧೈರ್ಯ ಅವಳಿಗೆ ಎಲ್ಲಿಂದ ಬಂತು ಎಂಬುದಕ್ಕೆ ಈ ನೆಲದಲ್ಲಿ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ.

ಅಪ್ಪ ತೀರಿಕೊಂಡು ಐದು ವರ್ಷವಾಯಿತು. ಅವರ ಪುಸ್ತಕ ನನ್ನ ಪಾಲಿಗೆ ಬಂತು. ಬಹಳ ದಿನ ಅದನ್ನು ಕಪಾಟಿನಲ್ಲಿ ಕಿಟೆಲ್ಲರ ನಿಘಂಟಿನ ಪಕ್ಕಕ್ಕಿಟ್ಟಿದ್ದೆ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ನಿಘಂಟು ಅನ್ನ ಕೊಡುವ ಗ್ರಂಥವಾದ್ದರಿಂದ ನಿತ್ಯ ಕೆಳಗಿಳಿಯುತ್ತಿತ್ತು, ಪಕ್ಕದ್ದು ಇಳಿಯುತ್ತಿರಲಿಲ್ಲ. ಕಳೆದ ವರ್ಷ ಒಂದು ರಜೆಯ ಮಧ್ಯಾಹ್ನ ಅದನ್ನು ಇಳಿಸಿ ಹಾಳೆ ತಿರುವಿದೆ. ಮೊದಲ ಕೀರ್ತನೆಯ ಅಂಚಿನಲ್ಲಿ ತಾರೀಖುಗಳ ಸಾಲು, ಇರುವೆಯ ಸಾಲಿನಂತೆ. ತಾರೀಖುಗಳು ಅಲ್ಲಿ ಮಾತ್ರ ಇರುತ್ತವೆಂದು ತಿಳಿದಿದ್ದೆ. ತೊಂಬತ್ತೊಂದನೆಯದರ ಅಂಚಿನಲ್ಲೂ ಪೆನ್ಸಿಲಿನ ಬರಹವಿತ್ತು. ಮೇಲೆ ತಮ್ಮನನ್ನು ಮಣ್ಣು ಮಾಡಿದ ದಿನದ ತಾರೀಖು. ಅದರ ಕೆಳಗೆ ಮೂರು ಚಿಕ್ಕ ಅಡ್ಡಗೆರೆಗಳು. ಅವುಗಳ ಕೆಳಗೆ ೧೯೯೧ರ ಒಂದು ತಾರೀಖು. ಅದರ ಮುಂದೆ ಒಂದೇ ಮಾತು: ‘ಓದಿದೆ.’

ಮೂರು ಸುತ್ತು ಬಿಟ್ಟು, ನಾಲ್ಕನೆಯ ಸುತ್ತಿನಲ್ಲಿ, ಸುಮಾರು ಎರಡು ವರ್ಷದ ಮೇಲೆ ಓದಿದ್ದಾರೆ. ಆಗ ನಾನು ಮನೆಯಲ್ಲೇ ಇದ್ದೆ. ಆ ರಾತ್ರಿಯ ನೆನಪು ನನಗೆ ಲವಲೇಶವೂ ಇಲ್ಲ. ಅವ್ವನನ್ನು ಕೇಳಿದೆ. ಅವಳು ಈಗ ನಮ್ಮಲ್ಲೇ ಇದ್ದಾಳೆ.

“ನೀ ನಿದ್ದಿ ಹೋಗಿದ್ದಿ,” ಎಂದಳು.

“ಅಪ್ಪ ಹ್ಯಾಂಗ ಓದಿದರು?”

“ಎಲ್ಲಾನೂ ಓದಿದಂಗ ಓದಿದರು. ಆ ಸಾಲಿಗೆ ಬಂದಾಗ ನೀರ ಕೇಳಿದರು. ಕೊಟ್ಟೆ. ಕುಡಿದು ಮುಂದ ಓದಿದರು.”

“ಯಾಕ ಓದಿದರು ಅಂತ ನೀ ಕೇಳಲಿಲ್ಲೇನು?”

“ಕೇಳೂದೇನೈತಿ ಅದರಾಗ?” ಎಂದು ಸೊಪ್ಪು ಸೋಸತೊಡಗಿದಳು.

ಅವ್ವ ಕೇಳದ ಪ್ರಶ್ನೆಯನ್ನು ನಾನು ಒಂದು ವರ್ಷದಿಂದ ಕೇಳಿಕೊಳ್ಳುತ್ತಿದ್ದೇನೆ. ಮಗನನ್ನು ಕಳೆದುಕೊಂಡವನು ಆ ಅಭಯದ ಮಾತನ್ನು ಮತ್ತೆ ಬಾಯಿಬಿಟ್ಟು ಓದುವುದೆಂದರೇನು? ಅದು ಸುಳ್ಳಾಗಿದೆಯೆಂದು ಅವರ ಕೈಗಳಿಗೆ ಗೊತ್ತಿತ್ತು. ಆ ಕೈಗಳೇ ಮಣ್ಣು ಹಾಕಿದ್ದವು. ಮರೆತು ಓದಿದರೆನ್ನಲು ಅಂಚಿನ ಮೂರು ಗೆರೆಗಳು ಬಿಡುವುದಿಲ್ಲ. ಜನರ ಬಾಯಿಗೆ ಹೆದರಿ ಓದಿದರೆನ್ನಲು ಅಲ್ಲಿ ಇದ್ದವರು ಅವ್ವ ಮತ್ತು ನಿದ್ದೆ ಹೋದ ನಾನು.

ಇದನ್ನು ಯೋಚಿಸುತ್ತಿರುವಾಗ ಸುವಾರ್ತೆಯ ಒಂದು ಪ್ರಸಂಗ ಬೇರೆಯಾಗಿ ಕಾಣತೊಡಗಿತು. ಮತ್ತಾಯನೂ ಲೂಕನೂ ಅದನ್ನು ಬರೆದಿದ್ದಾರೆ. ಯೇಸು ನಲವತ್ತು ದಿನ ಉಪವಾಸವಿದ್ದಾಗ ಸೈತಾನ ಅವನನ್ನು ಯೆರೂಸಲೇಮಿನ ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ಧುಮುಕು ಎನ್ನುತ್ತಾನೆ. ದೂತರು ಎತ್ತಿ ಹಿಡಿಯುತ್ತಾರೆಂದು ಬರೆದಿದೆಯಲ್ಲ ಎಂದು ಆಧಾರವನ್ನೂ ಕೊಡುತ್ತಾನೆ. ಸೈತಾನ ಎತ್ತಿಕೊಂಡ ಆ ಆಧಾರ ಇದೇ ತೊಂಬತ್ತೊಂದನೆಯ ಕೀರ್ತನೆಯದು. ಯೇಸು ಧುಮುಕುವುದಿಲ್ಲ; ದೇವರನ್ನು ಪರೀಕ್ಷಿಸಬಾರದು ಎನ್ನುತ್ತಾನೆ. ಮುಂದೆ ಶಿಲುಬೆಯ ಮೇಲೆ ಅವನ ಬಾಯಿಂದ ಬಂದದ್ದು ಆ ಅಭಯದ ಹಾಡಲ್ಲ. ಕೈಬಿಟ್ಟೆಯೇಕೆ ಎಂದು ಕೇಳುವ ೨೨ನೆಯ ಕೀರ್ತನೆಯ ಮೊದಲ ಮಾತು ಬಂತೆಂದು ಮತ್ತಾಯನೂ ಮಾರ್ಕನೂ ಹೇಳುತ್ತಾರೆ. ತನ್ನನ್ನು ತಂದೆಯ ಕೈಗೊಪ್ಪಿಸುವ ೩೧ನೆಯದರ ಮಾತು ಬಂತೆಂದು ಲೂಕ ಹೇಳುತ್ತಾನೆ. ಪ್ರಶ್ನೆ ಒಂದು ಹಾಡಿನದು, ಒಪ್ಪಿಸಿಕೊಳ್ಳುವುದು ಇನ್ನೊಂದರದು.

ಅದೇ ಹಾಡನ್ನು ಸೈತಾನನೂ ಹೇಳಬಲ್ಲ, ನಮ್ಮ ಅಪ್ಪನೂ ಓದಬಲ್ಲರು. ಸೈತಾನನ ಕೈಯಲ್ಲಿ ಅದು ಕರಾರುಪತ್ರ. ೧೯೮೯ರ ಆ ಐದು ದಿನ, ಹೇಳಲು ಸಂಕಟವಾಗುತ್ತದೆ, ನಮ್ಮ ಮನೆಯಲ್ಲೂ ಅದು ಕರಾರುಪತ್ರವೇ ಆಗಿತ್ತೇನೋ. ೯೧ ಬರುವವರೆಗೆ ಹುಡುಗ ತಡೆದರೆ ಸಾಕು ಎಂದು ಅವ್ವ ದಿನ ಎಣಿಸಿದ್ದಳೆಂದು ಮೊನ್ನೆ ನನ್ನೆದುರು ಒಪ್ಪಿಕೊಂಡಳು. ಎಣಿಸುವ ಸ್ವಭಾವ ನನಗೆ ಅವಳಿಂದಲೇ ಬಂದಿದೆ.

ಇನ್ನೊಂದು ಸಂಗತಿಯಿದೆ, ಅದನ್ನು ನೋಡಲು ನನಗೆ ಮೂವತ್ತು ವರ್ಷ ಮಿಕ್ಕಿ ಬೇಕಾಯಿತು. ಆ ರಾತ್ರಿ ಅಪ್ಪ ಹತ್ತನೆಯ ವಚನಕ್ಕೆ ಪುಸ್ತಕ ಮುಚ್ಚಿದ್ದರು. ಸೈತಾನನೂ ಹನ್ನೊಂದು ಹನ್ನೆರಡನೆಯ ವಚನಗಳನ್ನಷ್ಟೆ ಎತ್ತಿಕೊಂಡು ಅಲ್ಲಿಗೆ ನಿಲ್ಲಿಸುತ್ತಾನೆ. ಆ ಕೀರ್ತನೆ ಅಲ್ಲಿಗೆ ಮುಗಿಯುವುದಿಲ್ಲ. ಕೊನೆಯ ಮೂರು ವಚನಗಳಲ್ಲಿ ದನಿ ಬದಲಾಗಿ ದೇವರೇ ಮಾತಾಡುತ್ತಾನೆ. ಹದಿನೈದನೆಯದರಲ್ಲಿ ಹೇಳುವುದು, ಇಕ್ಕಟ್ಟಿನಲ್ಲಿ ಅವನ ಹತ್ತಿರ ಇರುತ್ತೇನೆ ಎಂಬ ಅರ್ಥದ ಮಾತು. ಇಕ್ಕಟ್ಟೇ ಬರದವನಿಗೆ ಆ ಮಾತು ಏಕೆ? ಯಾವ ಕೇಡೂ ಬರುವುದಿಲ್ಲವೆಂದ ಹಾಡೇ ಐದು ವಚನಗಳಾದ ಮೇಲೆ ಕೇಡಿನ ನಡುವೆ ಬಂದು ಕುಳಿತಿದೆ. ಇವೆರಡನ್ನು ಹೊಂದಿಸುವ ವ್ಯಾಖ್ಯಾನ ನನ್ನಲ್ಲಿಲ್ಲ. ೧೯೯೧ರಲ್ಲಿ ನೀರು ಕುಡಿದು ಮುಂದೆ ಓದಿದ ಅಪ್ಪ ಆ ಹದಿನೈದನೆಯದಕ್ಕೆ ತಲುಪಿದರು ಎಂಬುದಷ್ಟು ನಿಜ.

ವ್ಯಾಕರಣ ಹೇಳಿ ಹೊಟ್ಟೆ ಹೊರೆಯುವವನಾದ್ದರಿಂದ ಒಂದು ವ್ಯಾಕರಣದ ಮಾತನ್ನೂ ಹೇಳಿಬಿಡುತ್ತೇನೆ. ಎಲ್ಲರಿಗೂ ತಿಳಿದ ೨೩ನೆಯ ಕೀರ್ತನೆ ದೇವರನ್ನು ಪ್ರಥಮಪುರುಷದಲ್ಲಿ ಹೇಳುತ್ತ ಹೊರಡುತ್ತದೆ: ಅವನು ಕುರುಬ, ಅವನು ಹುಲ್ಲುಗಾವಲಿಗೆ ಕರೆದೊಯ್ಯುತ್ತಾನೆ, ಅವನು ದಾರಿ ತೋರಿಸುತ್ತಾನೆ. ಕಗ್ಗತ್ತಲೆಯ ಕಣಿವೆಗೆ ಇಳಿದೊಡನೆ, ನಾಲ್ಕನೆಯ ವಚನದಲ್ಲಿ, ಅವನು ಎಂಬುದು ನೀನು ಎಂದಾಗುತ್ತದೆ. ಹುಲ್ಲುಗಾವಲಿನಲ್ಲಿ ದೇವರ ವಿಷಯವನ್ನು ಮಾತಾಡಬಹುದು. ಕಣಿವೆಯಲ್ಲಿ ಅವನೊಡನೆಯೇ ಮಾತಾಡಬೇಕಾಗುತ್ತದೆ. ಎಂಬತ್ತೆಂಟನೆಯದಂತೂ ಮೊದಲಿನಿಂದ ಕಡೆಯವರೆಗೆ ಮಧ್ಯಮಪುರುಷವೇ. ಬೆಳಕಿನ ಒಂದು ಗೆರೆಯಿಲ್ಲದ ಆ ಹಾಡಿನಲ್ಲೂ ‘ನೀನು’ ಎನ್ನುವುದು ತಪ್ಪಿಲ್ಲ. ಅವ್ವ “ಇದು ನಮ್ಮದು” ಎಂದದ್ದು ಇದಕ್ಕೇ ಇರಬೇಕು.

ನಂಬಿಕೆಯೆಂದರೆ ಕೇಡು ಬರಲಾರದೆಂಬ ಎಣಿಕೆಯೆಂದು ನಾನು ತಿಳಿದಿದ್ದೆ. ಆ ಎಣಿಕೆ ಹನ್ನೊಂದನೆಯ ವಯಸ್ಸಿನಲ್ಲಿ ತಪ್ಪಿದ್ದರಿಂದ ನಂಬಿಕೆಯೂ ತಪ್ಪಿತೆಂದು ಲೆಕ್ಕ ಮುಗಿಸಿದ್ದೆ. ನಮ್ಮ ಜನ ‘ದೇವರ ಮೇಲೆ ಭಾರ ಹಾಕು’ ಎನ್ನುತ್ತಾರಲ್ಲ, ೫೫ನೆಯ ಕೀರ್ತನೆಯಲ್ಲೂ ಅದೇ ಭಾವವಿದೆ. ೩೭ನೆಯದರಲ್ಲಿ ಹೀಬ್ರೂ ಕವಿ ಬಳಸಿದ ಕ್ರಿಯಾಪದದ ಅರ್ಥ ಉರುಳಿಸು ಎಂದು. ಎತ್ತಲಾರದ್ದನ್ನು ಉರುಳಿಸಬಹುದು. ಅಪ್ಪ ಮೂರು ಸುತ್ತು ಕೈಯಿಟ್ಟು ನೋಡಿ, ನಾಲ್ಕನೆಯ ಸುತ್ತಿಗೆ ಉರುಳಿಸಿದರು.

ಬೇರೆಯವರ ಮಾತು ಇರಲಿ. ನನ್ನ ಮಗನಿಗೆ ಈಗ ಏಳು ವರ್ಷ. ಅವನ ಮೈ ಸ್ವಲ್ಪ ಬೆಚ್ಚಗಾದರೆ ನಾನು ರಾತ್ರಿ ನಾಲ್ಕು ಸಲ ಎದ್ದು ಹಣೆ ಮುಟ್ಟಿ ನೋಡುತ್ತೇನೆ. ಈ ವರ್ಷ ಅವನಿಗೆಂದು ಚಾಪೆ ಹಾಸತೊಡಗಿದ್ದೇನೆ. ಅಥವಾ ನನಗೆಂದೇ ಇರಬಹುದು. ಅವ್ವ ಗೋಡೆಗೆ ಒರಗಿ ಕುಳಿತುಕೊಳ್ಳುತ್ತಾಳೆ. ಮಗ ದಿನವೂ “ಇವತ್ತಿಂದು ಎಷ್ಟನೇದು?” ಎಂದು ಕೇಳಿ ತನ್ನ ಪಾಟಿಯ ಮೇಲೆ ಬರೆದಿಡುತ್ತಾನೆ. ಒಂದು ಸಂಖ್ಯೆ ತಪ್ಪಿದರೂ ಅವನು ಬಿಡುವವನಲ್ಲ.

ನಿನ್ನೆ ರಾತ್ರಿ ೭೬ ಆಯಿತು. ಇನ್ನು ಹದಿನೈದು ದಿನ. ಓದಬಲ್ಲೆನೋ ಇಲ್ಲವೋ ತಿಳಿಯದು ಎಂದು ಅವ್ವನ ಮುಂದೆ ಹೇಳಿದೆ. ಅವಳು ಬಹಳ ಯೋಚಿಸಲಿಲ್ಲ. ಅವತ್ತು ಒಂದು ತಂಬಿಗೆ ನೀರು ಹತ್ತಿರ ಇಟ್ಟುಕೊಂಡು ಕೂಡು ಎಂದಳು.